ಅಕ್ಕ ಓದದೆ ಬಿಟ್ಟ ಸಾಲುಗಳು

ನಾನು ಚಿಕ್ಕವನಿದ್ದಾಗ ಬರೆದ ಒಂದು ಕಾಗದ ನಮ್ಮ ಮನೆಗೆ ಬಹಳ ದುಬಾರಿಯಾಯಿತು. ಅಂಚೆಯಲ್ಲಿ ಅದಕ್ಕೆ ಹೋದದ್ದು ಒಂದು ನೀಲಿ ಇನ್‌ಲ್ಯಾಂಡಿನ ಚಿಲ್ಲರೆ, ಅಷ್ಟೇ. ಆದರೆ ಆ ಕಾಗದದಿಂದಾಗಿ ಅಕ್ಕ ದೀಪಾವಳಿಗೆ ಬರಲಿಲ್ಲ, ಅವಳ ಕಡೆಯಿಂದ ಒಂದು ಸಾಲಿನ ಉತ್ತರವೂ ಬರಲಿಲ್ಲ, ಕೊನೆಗೆ ಅವಳ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದೋ ಇಲ್ಲವೋ ಎನ್ನುವಲ್ಲಿಗೆ ಮಾತು ಬಂದು ನಿಂತಿತು. ಕಾರಣ ಇಷ್ಟೇ. ನಾನು ಚೆನ್ನಾಗಿ ಬರೆಯಬೇಕೆಂದು ಹೊರಟಿದ್ದೆ.

ನಮ್ಮದು ತಮಿಳುನಾಡಿನಲ್ಲಿ, ಕೊಯಮತ್ತೂರಿನ ಕಡೆಯ ಕರುಮತ್ತಂಪಟ್ಟಿಯ ಹತ್ತಿರದ ನೇಕಾರರ ಬೀದಿ. ಹೊಸಿಲಿನ ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ತಲೆಮಾರುಗಳಿಂದ ಹಾಗೇ. ಕನ್ನಡದ ಅಕ್ಷರ ಮಾತ್ರ ಬೀದಿಯಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಆದ್ದರಿಂದ ನಾವು ಮನೆಯ ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದೆವು. ಅಕ್ಕನೂ ಐದನೆಯ ಕ್ಲಾಸಿನವರೆಗೆ ನನ್ನಂತೆ ಊರಿನ ತಮಿಳು ಶಾಲೆಯಲ್ಲೇ ಓದಿದವಳು. ಅವಳನ್ನು ಕೊಟ್ಟದ್ದು ಕರ್ನಾಟಕದಲ್ಲಿ, ದೊಡ್ಡಬಳ್ಳಾಪುರದ ಕಡೆಯ ಒಂದು ನೇಕಾರರ ಮನೆಗೆ. ಅಲ್ಲಿ ಮಾತು ಕನ್ನಡ, ಓದುವವರಿದ್ದರೆ ಓದುವುದೂ ಕನ್ನಡ. ಹೀಗಾಗಿ ನಮ್ಮ ಕಾಗದವನ್ನು ಆ ಮನೆಯಲ್ಲಿ ಅಕ್ಕನೊಬ್ಬಳೇ ಓದಬಲ್ಲಳು.

ಹಾಗೆಂದು ಅವಳು ಅದನ್ನು ಮೂಲೆಯಲ್ಲಿ ಕೂತು ಗುಟ್ಟಾಗಿ ಓದುತ್ತಿರಲಿಲ್ಲ. ತವರಿನ ಕಾಗದ ಬಂತೆಂದರೆ ಅವಳ ಅತ್ತೆ ಒಲೆಯ ಮುಂದಿನಿಂದ ಎದ್ದು ಬರುತ್ತಿದ್ದರು, ಮಾವ ಮಗ್ಗ ನಿಲ್ಲಿಸುತ್ತಿದ್ದರು, ಅಕ್ಕ ನಡುಮನೆಯಲ್ಲಿ ನಿಂತು ಎಲ್ಲರಿಗೂ ಕೇಳಿಸುವಂತೆ ಓದುತ್ತಿದ್ದಳು. ಇದು ನನಗೆ ಗೊತ್ತಿತ್ತು. ಆದರೆ ನನ್ನ ಮಾತು ಅಕ್ಕನ ಬಾಯಿಂದ, ಅವಳ ಅತ್ತೆಯ ಎದುರಿಗೆ ಹೊರಡಬೇಕು ಎಂಬುದು ತಲೆಗೆ ಹೊಳೆದಿರಲಿಲ್ಲ.

ಆ ವರ್ಷ ಶಾಲೆಯ ಪ್ರಬಂಧ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತು. ವಿಷಯ 'ತಾಯಿ'. ಸಮುದ್ರ, ಹಿಮಾಲಯ, ಚಂದ್ರ, ಕರ್ಪೂರ, ಎಲ್ಲವನ್ನೂ ತಂದು ತಾಯಿಯ ಪಕ್ಕ ನಿಲ್ಲಿಸಿದ್ದೆ. ಮೇಷ್ಟ್ರು ಒಂದು ಹಸಿರು ಫೌಂಟನ್ ಪೆನ್ನು ಕೊಟ್ಟರು. ಅದು ಜೇಬಿಗೆ ಬಂದ ದಿನದಿಂದ ಸಾಧಾರಣ ವಾಕ್ಯ ಬರೆಯಲು ನನಗೆ ನಾಚಿಕೆ. ಅಂಥ ಹೊತ್ತಿನಲ್ಲಿ ಅಮ್ಮ ರಾಟೆ ತಿರುಗಿಸುತ್ತಾ ಹೇಳಿದಳು, "ಅಕ್ಕನಿಗೆ ಒಂದು ಕಡುದಾಸಿ ಹಾಕು ಕಣ್ಣು. ಹೊಟ್ಟೆ ತುಂಬ ತಿನ್ನು ಅನ್ನು. ತುಂಬಿದ ಕೊಡ ಎತ್ತಬೇಡ ಅನ್ನು. ರಾತ್ರಿ ಹೊತ್ತು ನೂಲು ಸುತ್ತಬೇಡ ಅನ್ನು. ದೀಪಾವಳಿಗೆ ಬಾ ಅನ್ನು. ಅಷ್ಟು ಸಾಕು." ಕಡುದಾಸಿ ಎಂದರೆ ಕಾಗದ, ಕಣ್ಣು ಎಂದರೆ ಅವಳು ಮುದ್ದಿಗೆ ನನ್ನನ್ನು ಕರೆಯುತ್ತಿದ್ದದ್ದು. ಅಕ್ಕ ಬಸುರಿ ಎಂಬ ಸುದ್ದಿ ಆಗಷ್ಟೇ ಬಂದಿತ್ತು.

ನಾಲ್ಕು ಮಾತು. ಇಷ್ಟೇ ಬರೆದರೆ ಬಹುಮಾನದ ಪೆನ್ನಿಗೆ ಅವಮಾನ ಅನ್ನಿಸಿತು. ನಾನು ಬರೆದೆ: 'ಕಡ್ಡಿಯಂತೆ ಸೊರಗಿದ ನನ್ನ ಅಕ್ಕನೇ, ಅನ್ಯರ ಮನೆಯಲ್ಲಿ ಗಾಣದ ಎತ್ತಿನಂತೆ ದುಡಿಯುತ್ತಿರುವೆಯೋ, ಪ್ರೀತಿಯಿಂದ ಒಂದು ತುತ್ತು ಅನ್ನ ಇಡುವವರಿಲ್ಲದೆ ಕಣ್ಣೀರಿನಲ್ಲಿ ಕೈ ತೊಳೆಯುತ್ತಿರುವೆಯೋ ಎಂದು ನಮ್ಮ ತಾಯಿ ಹಗಲಿರುಳು ಕೊರಗುತ್ತಿರುವಳು.' ಬರೆದು ಓದಿಕೊಂಡೆ. ನನಗೇ ಅಳು ಬಂತು. ಮಕ್ಕಳೇ, ನೀವು ಬರೆದದ್ದಕ್ಕೆ ನೀವೇ ಮೊದಲು ಅತ್ತರೆ ಸ್ವಲ್ಪ ಹುಷಾರಾಗಿರಿ. "ಎಲ್ಲಾ ಬರ್ದಾಯ್ತಾ?" ಎಂದು ಅಮ್ಮ ಕೇಳಿದಳು. "ಆಯ್ತು" ಎಂದು ಅನ್ನದ ಅಗುಳು ಹಚ್ಚಿ ಅಂಟಿಸಿಬಿಟ್ಟೆ. ಅಕ್ಕನ ಮದುವೆಯಾದ ಮೇಲೆ ನಾನು ಆ ಮನೆಯನ್ನು ಒಂದು ಸಲವೂ ನೋಡಿರಲಿಲ್ಲ.

ದೀಪಾವಳಿ ಬಂತು, ಹೋಯಿತು. ಅಕ್ಕನಿಗೆಂದು ಎತ್ತಿಟ್ಟ ಚಕ್ಕುಲಿ ಡಬ್ಬಿಯಲ್ಲೇ ಮೆತ್ತಗಾಯಿತು. ಅದಾಗಿ ಎರಡು ವಾರಕ್ಕೆ, ಒಂದು ಬೆಳಿಗ್ಗೆ, ನಮ್ಮ ಮನೆಯ ಪಾವು ಬೀದಿಗೆ ಬಂದಿತ್ತು. ಪಾವು ಎಂದರೆ ಮಗ್ಗಕ್ಕೆ ಏರಿಸುವ ಉದ್ದನೆಯ ನೂಲಿನ ಹಾಸು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಅದನ್ನು ಬಿಗಿದು, ಗಂಜಿ ಚಿಮುಕಿಸಿ, ನಾರಿನ ದೊಡ್ಡ ಬ್ರಷ್ಷಿನಿಂದ ಇಬ್ಬರು ಎರಡೂ ಕಡೆ ನಿಂತು ತೀಡುತ್ತಾ ಹೋಗಬೇಕು. ಬಿಸಿಲೇರುವುದರೊಳಗೆ ಮುಗಿಸದಿದ್ದರೆ ನೂಲು ಒಂದಕ್ಕೊಂದು ಅಂಟಿಕೊಂಡು ಕೆಟ್ಟುಹೋಗುತ್ತದೆ. ಗಂಜಿಯ ಹುಳಿವಾಸನೆ, ಒದ್ದೆ ನೂಲಿನ ತಣ್ಣನೆಯ ಗಾಳಿ, ಕಾಲ ಕೆಳಗೆ ಇಬ್ಬನಿ ಬಿದ್ದ ಮಣ್ಣು. ಈಗಲೂ ಅನ್ನ ಬಸಿದ ಗಂಜಿ ಆರುವ ವಾಸನೆ ಬಂದರೆ ನನಗೆ ಆ ಬೀದಿಯೇ ಎದುರಿಗೆ ಬರುತ್ತದೆ.

ಆ ಹೊತ್ತಿಗೆ ಬೀದಿಯ ತುದಿಯಲ್ಲಿ ಭಾವ ಕಾಣಿಸಿದರು. ಅಕ್ಕನ ಗಂಡ. ಒಬ್ಬರೇ, ಕೈಯಲ್ಲಿ ಒಂದು ಚೀಲ. ಅಮ್ಮ ಗಂಜಿ ಮಡಕೆಯನ್ನು ಹಾಗೇ ಕೆಳಗಿಟ್ಟಳು. ಮಗಳ ಗಂಡ ಹೇಳದೆ ಕೇಳದೆ ಒಬ್ಬನೇ ಬಂದರೆ ಯಾವ ತಾಯಿಗೂ ಎದೆ ಝಲ್ಲೆನ್ನುತ್ತದೆ.

"ಚೆನ್ನಾಗಿದ್ದಾಳೆ ಅತ್ತೆ, ಗಾಬರಿ ಆಗ್ಬೇಡಿ" ಎಂದರು ಭಾವ. ಬಿಸಿಲು ನೋಡಿದರು, ಪಾವು ನೋಡಿದರು, ಚೀಲವನ್ನು ಜಗಲಿಗೆ ಎಸೆದು ಅಂಗಿಯ ತೋಳು ಮಡಚಿ ಅಪ್ಪನ ಎದುರಿಗೆ ಬ್ರಷ್ಷು ಹಿಡಿದು ನಿಂತರು.

ಎದುರು ಮನೆಯ ಅಜ್ಜಿ ಜಗಲಿಯಿಂದಲೇ ಶುರುಮಾಡಿದಳು. "ನೋಡ್ರೀ, ಮಾಪ್ಳೆ ಬಂದ್ರೆ ಕಾಲಿಗೆ ನೀರು ಕೊಡೋದು ನಾವು ಕಂಡಿದ್ದು. ಈ ಮನೆಯೋರು ಕೈಗೆ ಬ್ರಷ್ಷು ಕೊಡ್ತಾರೆ." ಮಾಪ್ಳೆ ಎಂದರೆ ಅಳಿಯ.

"ಪಾವು ಒಣಗಿಹೋದ್ರೆ ಆಮೇಲೆ ಕಾಲು ತೊಳ್ಕೊಂಡು ಏನ್ ಮಾಡ್ಲಿ ಅಜ್ಜಿ" ಎಂದರು ಭಾವ.

ಒಂದು ಸುತ್ತು ಮುಗಿದು ನೂಲು ಆರಲು ಬಿಟ್ಟಾಗ ಅವರು ಜೇಬಿನಿಂದ ನನ್ನ ನೀಲಿ ಕಾಗದವನ್ನು ತೆಗೆದು ನನ್ನ ಕೈಗೇ ಕೊಟ್ಟರು. "ಓದಪ್ಪ. ನಿಮ್ಮಪ್ಪ ಅಮ್ಮ ಕೇಳಲಿ. ಎಲ್ಲೂ ನಿಲ್ಲಿಸ್ದೆ ಓದು."

ನಾನು ಜೋರಾಗಿಯೇ ಆರಂಭಿಸಿದೆ. 'ಅನ್ಯರ ಮನೆಯಲ್ಲಿ' ಎಂಬಲ್ಲಿ ಭಾವನ ಮುಖ ಕಣ್ಣಿಗೆ ಬಿತ್ತು. 'ಒಂದು ತುತ್ತು ಅನ್ನ ಇಡುವವರಿಲ್ಲದೆ' ಎಂಬಲ್ಲಿ ನನ್ನ ದನಿ ತಾನಾಗಿ ನಿಂತುಹೋಯಿತು.

"ನಿಮ್ಮಕ್ಕನೂ ಅಲ್ಲೇ ನಿಲ್ಲಿಸಿದ್ದು" ಎಂದರು ಭಾವ.

ನಡೆದದ್ದು ಹೀಗೆ. ಅಕ್ಕ ಅಲ್ಲಿಗೆ ನಿಲ್ಲಿಸಿ, ಮುಂದೆ ಶಾಯಿ ಹರಡಿದೆ, ಓದಲು ಆಗುವುದಿಲ್ಲ ಎಂದಳಂತೆ. ಅವಳ ಅತ್ತೆ ಬಗ್ಗಿ ನೋಡಿದರು. ಅಕ್ಷರ ಬರದಿದ್ದರೂ ಶಾಯಿ ಹರಡಿದೆಯೋ ಇಲ್ಲವೋ ಎಂದು ಯಾರಿಗಾದರೂ ಕಾಣುತ್ತದಲ್ಲ. ಮುತ್ತು ಪೋಣಿಸಿದಂತೆ ಬರೆದಿದ್ದೆ. ಅತ್ತೆ ಮರುದಿನ ಕಾಗದವನ್ನು ಮಡಿಲಲ್ಲಿಟ್ಟುಕೊಂಡು, ಹಿಂದೆ ಕೊಯಮತ್ತೂರಿನ ಮಿಲ್ಲಿನಲ್ಲಿದ್ದು ತಮಿಳು ಓದು ಕಲಿತಿದ್ದ ಒಬ್ಬ ಮುದುಕರ ಮನೆಗೆ ಹೋದರು. ಅವರು ಕೊನೆಯ ಸಾಲಿನವರೆಗೆ ಓದಿ ಹೇಳಿದರು.

"ಅವತ್ತಿಂದ ನಮ್ಮವ್ವ ಜಗಳ ಆಡ್ಲಿಲ್ಲ, ಬೈಲಿಲ್ಲ. ಅವಳ ತಟ್ಟೆಗೆ ಎರಡರಷ್ಟು ಅನ್ನ ಬಡಿಸ್ತಾಳೆ. 'ತಿನ್ನಮ್ಮ, ನಿಮ್ಮಮ್ಮ ಬರೆದಿದ್ದಾಳೆ' ಅಂತಾಳೆ. ಇವಳು ಅಳ್ತಾ ತಿಂತಾಳೆ. ನಡುವೆ ಕೂತ್ಕೊಂಡು ನಾನು ತಿನ್ನೋದು ಹೆಂಗೆ ಹೇಳಿ." ಭಾವ ಮುಂದುವರಿಸಿದರು, "ಹೆರಿಗೆನೂ ನಮ್ಮನೇಲೇ ಆಗ್ಲಿ ಅಂದ್ಬಿಟ್ಟಿದ್ದಾಳೆ ಅವ್ವ. ಸೊಸೇನ ತಾನು ಹೆಂಗೆ ನೋಡ್ಕೋತಾಳೆ ಅಂತ ನಾಲ್ಕು ಜನ ನೋಡ್ಲಿ ಅಂತ."

ಅಮ್ಮ ನನ್ನ ಕಡೆ ತಿರುಗಿ, ಬಹಳ ಮೆಲ್ಲಗೆ, "ನಾನು ಹೀಗೆ ಹೇಳಿದ್ನಾ ಕಣ್ಣು?" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅಪ್ಪ ತಾನೇ ಭಾವನ ಜೊತೆ ಹೊರಟು, ಬೀಗರ ಕೈ ಹಿಡಿದು ಕೇಳಿಕೊಳ್ಳುವೆನೆಂದ. ಭಾವ ಒಪ್ಪಲಿಲ್ಲ. "ಬೇಡ ಮಾವ. ಎದುರಿಗೆ ಒಂದು ಹೇಳ್ತಾರೆ, ಕಾಗದದಲ್ಲಿ ಇನ್ನೊಂದು ಬರೀತಾರೆ ಅಂತ ಅವ್ವನ ತಲೇಲಿ ಕೂತುಬಿಟ್ಟಿದೆ. ಕಾಗದದಲ್ಲಿ ಕೆಟ್ಟಿದ್ದು ಕಾಗದದಲ್ಲೇ ಸರಿಹೋಗ್ಬೇಕು. ಆ ಮುದುಕರು ಓದಿದ್ರೂ ನಿಮ್ಮ ಮಗಳು ಓದಿದ್ರೂ ಒಂದೇ ಕೇಳಿಸ್ಬೇಕು. ಎರಡು ಗಂಟೆ ಬಸ್ಸಿಗೆ ನಾನು ಹೊರಡ್ತೀನಿ, ಅಷ್ಟರಲ್ಲಿ ಬರೆಸಿಕೊಡಿ." ಬರೆಯಬೇಕಾದವನು ನಾನೇ. ಮನೆಯಲ್ಲಿ ಬೇರೆ ಯಾರಿಗೂ ಬರೆಯಲು ಬರುತ್ತಿರಲಿಲ್ಲ.

ಜಗಲಿಯಲ್ಲಿ ಕೂತು ಒಂದು ಹಾಳೆ ತುಂಬಿಸಿದೆ. ಅಪ್ಪ, ಭಾವ ಎರಡನೆಯ ಸುತ್ತು ತೀಡುತ್ತಿದ್ದರು. ಅವರ ಪಕ್ಕದಲ್ಲೇ ನಡೆಯುತ್ತಾ ಓದಿದೆ. 'ಕರುಣೆಯ ಕಡಲೇ, ಅನ್ನಪೂರ್ಣೆಯ ಅವತಾರವೇ ಆದ ಅತ್ತೆಯವರ ಪಾದಕಮಲಗಳಿಗೆ.'

"ಏನು, ಗುಡೀಲಿ ಅರ್ಚನೆ ನಡೀತಾ ಇದೆಯಾ?" ಎಂದಳು ಎದುರು ಮನೆಯ ಅಜ್ಜಿ.

ಭಾವ ನಕ್ಕುಬಿಟ್ಟರು. "ನಮ್ಮವ್ವ ಇದನ್ನ ಕೇಳಿದ್ರೆ ಮತ್ತೆ ಆ ಮುದುಕರ ಹತ್ರ ಓಡ್ತಾಳೆ. ಇಷ್ಟು ಹೊಗಳ್ತಾರೆ ಅಂದ್ರೆ ಏನೋ ಮುಚ್ಚಿಡ್ತಿದಾರೆ ಅಂತ."

ಇದು ಎಷ್ಟು ನಿಜವೆಂದು ಆಗ ತಿಳಿಯಲಿಲ್ಲ. ಮುಂದೆ ಸೀರೆಯ ಗಂಟು ಹೊತ್ತು ಮೆಟ್ಟುಪಾಳ್ಯಂನಿಂದ ಆನೈಮಲೈವರೆಗೆ ಮನೆ ಮನೆ ಹತ್ತಿ ಇಳಿದ ಮೇಲೆ ತಿಳಿಯಿತು. ಮಾಲನ್ನು ನಾವು ಹೊಗಳಿದಷ್ಟೂ ಕೊಳ್ಳುವ ಹೆಂಗಸು ಸೆರಗು ತಿರುಗಿಸಿ ನೂಲು ಎಣಿಸುತ್ತಾಳೆ. "ಇದು ನೀರಿಗೆ ಹಾಕಿದರೆ ಒಂದು ಬೆರಳು ಕುಗ್ಗುತ್ತದೆ ಅಮ್ಮ" ಎಂದು ಮೊದಲೇ ಹೇಳಿ ನೋಡಿ, ಅವಳು ಕೂತುಕೊಂಡು ಮಾತಾಡುತ್ತಾಳೆ. ಬರೆಯುವಾಗಲೂ ಹಾಗೆಯೇ. ದೊಡ್ಡ ಮಾತು ಹೆಚ್ಚಾದ ಕಡೆ ಓದುವವರು ಅನುಮಾನದಿಂದ ತಿರುಗಿಸಿ ನೋಡುತ್ತಾರೆ.

ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಪಾವು ಬರುತ್ತಿತ್ತು. ತೀಡುತ್ತಾ ಹೋಗುವಾಗ ನೂಲಿನ ಮೇಲೆ ಎದ್ದ ಸಣ್ಣ ನಾರು, ದಪ್ಪ ಗಂಟು ಕಂಡರೆ ಉಗುರಿನಲ್ಲಿ ಕಿತ್ತು ಹಾಕುತ್ತಿದ್ದ. ಹಾಗೇ ನನ್ನ ಕಾಗದಕ್ಕೂ ಕೈ ಹಾಕಿದ. "ಕರುಣೆಯ ಕಡಲು ತೆಗಿ. ಉಳಿದದ್ದು ನಿಲ್ಲುತ್ತಾ?" ನಿಲ್ಲುತ್ತದೆ ಎಂದೆ. "ಹಾಗಾದ್ರೆ ಬೇಡ. ಅನ್ನಪೂರ್ಣೆ ತೆಗಿ. ನಿಲ್ಲುತ್ತಾ?" ನಿಲ್ಲುತ್ತದೆ. "ಬೇಡ." ಬೀದಿಯ ತುದಿ ತಲುಪುವ ಹೊತ್ತಿಗೆ ಒಂದು ಹಾಳೆ ಬರಹದಲ್ಲಿ ಉಳಿದದ್ದು 'ನಮಸ್ಕಾರ', 'ತಪ್ಪಾಯಿತು' ಎಂಬ ಎರಡು ಮಾತು. ನನಗೆ ಅಳು ಬಂತು. ಈ ಸಲ ನಿಜವಾದ ಅಳು.

"ಇಷ್ಟೇನಾ ನೀನು ಹೇಳೋಕಿದ್ದಿದ್ದು?" ಎಂದ ಅಪ್ಪ. ಹಂಗಿಸಿದ್ದಲ್ಲ, ನಿಜವಾಗಿ ಕೇಳಿದ್ದು.

ಬಿಸಿಲೇರಿತು. ಪಾವು ಸುತ್ತಿ ಒಳಗೆ ತಂದರು. ಅಮ್ಮ ಭಾವನಿಗೆ ಎಲೆ ಹಾಕಿ ಬಡಿಸಲು ಕೂತಳು. ನಾನು ಖಾಲಿ ಇನ್‌ಲ್ಯಾಂಡು ಹಿಡಿದು ಬಾಗಿಲ ಬಳಿ ಕೂತಿದ್ದೆ. ಆ ದಿನ ಹುರುಳಿ ಸಾರು. ನಮ್ಮ ಕಡೆ ಕೊಳ್ಳು ಅನ್ನುತ್ತೇವೆ.

"ಇದು ಅಂದ್ರೆ ಅವಳಿಗೆ ಪ್ರಾಣ" ಎಂದಳು ಅಮ್ಮ, ಸಾರು ಬಡಿಸುತ್ತಾ. "ಅಲ್ಲಿ ಮಾಡ್ತಾರಾ ಮಾಪ್ಳೆ?"

"ಮಾಡ್ತಿದ್ರು ಅತ್ತೆ. ಈಗ ಅದರ ವಾಸನೆಗೇ ಎದ್ದು ಹೊರಗೆ ಓಡ್ತಾಳೆ. ಐದು ತಿಂಗಳಾದ್ರೂ ಬಾಯಿಗೆ ಏನೂ ಸೇರೋಲ್ಲ. ಅವ್ವ ಜೀರಿಗೆ ಹುರಿದು ಒಂಥರಾ ತಿಳಿಸಾರು ಕಾಯಿಸ್ತಾಳೆ, ಅದೊಂದೇ ಒಳಗೆ ನಿಲ್ಲೋದು. ಬೆಳಿಗ್ಗೆ ಎದ್ದು ಮೊದಲು ಅವ್ವ ಅದನ್ನೇ ಒಲೆಗೆ ಇಡೋದು."

ಅಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು. ಹದಿನೆಂಟು ವರ್ಷ ಮಗಳಿಗೆ ಉಣ್ಣಿಸಿದವಳು. ಈಗ ಆ ಮಗಳ ಬಾಯಿಗೆ ಏನು ಸೇರುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಇನ್ನೊಬ್ಬ ಹೆಂಗಸಿಗೆ ಗೊತ್ತು. ತನಗೇ ಹೇಳಿಕೊಳ್ಳುವಂತೆ, "ನಾನು ಇಲ್ಲಿಗೆ ಕರ್ಕೊಂಡ್ಬಂದು ಕೊಳ್ಳು ಸಾರು ಮಾಡಿ ಬಡಿಸ್ತಿದ್ದೆನಲ್ಲ" ಎಂದಳು. ಆಮೇಲೆ, "ಆ ಸಾರು ಹೇಗೆ ಮಾಡೋದು ಅಂತ ಬೀಗಿತ್ತೀನ ಕೇಳ್ಬೇಕು" ಎಂದಳು.

ನಾನು ಪೆನ್ನಿನ ಮುಚ್ಚಳ ತೆಗೆದೆ.

"ಇದನ್ನೂ ಬರೀತೀಯಾ?" ಅಮ್ಮ ಬೆಚ್ಚಿದಳು. "ಬೇಡ. ಹೆತ್ತವಳಿಗೇ ಗೊತ್ತಿಲ್ಲ ಅಂತ ಆಗಲ್ವಾ?"

"ಗೊತ್ತಿಲ್ಲ ತಾನೆ ಅತ್ತೆ" ಎಂದರು ಭಾವ, ಎಲೆಯಿಂದ ತಲೆ ಎತ್ತದೆ.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಈಗಲೂ ನನಗೆ ಹೇಳಲು ಬರುವುದಿಲ್ಲ. "ಬರಿ" ಎಂದಳು.

ಆಗ ಬರೆದ ಕಾಗದ ನನಗೆ ಪೂರ್ತಿ ನೆನಪಿದೆ, ಏಕೆಂದರೆ ಅದು ಚಿಕ್ಕದು. 'ಅತ್ತೆಯವರಿಗೆ ನಮಸ್ಕಾರ. ಹೋದ ಕಾಗದಕ್ಕೆ ಅಮ್ಮ ಹೇಳಿದ್ದು ನಾಲ್ಕು ಮಾತು. ಹೊಟ್ಟೆ ತುಂಬ ತಿನ್ನು, ಕೊಡ ಎತ್ತಬೇಡ, ರಾತ್ರಿ ನೂಲು ಸುತ್ತಬೇಡ, ಹಬ್ಬಕ್ಕೆ ಬಾ. ಉಳಿದದ್ದೆಲ್ಲ ನಾನು ಸೇರಿಸಿದ್ದು. ನಿಮ್ಮ ಮನೆಯನ್ನು ನಾನು ನೋಡಿಲ್ಲ. ನೋಡದೆ ಬರೆದೆ. ತಪ್ಪಾಯಿತು. ಅಕ್ಕನಿಗೆ ಈಗ ಹುರುಳಿ ಸಾರು ಆಗುವುದಿಲ್ಲ ಎಂದು ಅಮ್ಮನಿಗೆ ಗೊತ್ತಿರಲಿಲ್ಲ. ನೀವು ಮಾಡುವ ಜೀರಿಗೆ ಸಾರು ಹೇಗೆ ಎಂದು ಅಮ್ಮ ಕೇಳುತ್ತಾಳೆ. ಚೊಚ್ಚಲ ಹೆರಿಗೆಗೆ ಅಕ್ಕನನ್ನು ಇಲ್ಲಿಗೆ ಕಳಿಸಬೇಕು. ಕರೆದುಕೊಂಡು ನೀವೇ ಬನ್ನಿ. ಇಲ್ಲಿದ್ದು ಅಮ್ಮನಿಗೆ ತೋರಿಸಿಕೊಡಿ.'

ಕೊನೆಯ ಎರಡು ವಾಕ್ಯ ಯಾರೂ ಹೇಳಿಕೊಟ್ಟದ್ದಲ್ಲ, ನನ್ನವೇ. ನನ್ನ ಜೀವನದ ಮೊದಲ ವ್ಯಾಪಾರ ಅದು ಎಂದು ಬೇಕಾದರೆ ಹೇಳಿ. ನಮಗೆ ಬೇಕಾದದ್ದನ್ನು ಕೇಳುವ ಮೊದಲು ಎದುರಿನವರ ಬಳಿ ಏನಿದೆ, ಅವರು ಯಾವುದರಲ್ಲಿ ಗಟ್ಟಿ ಎಂದು ತಿಳಿದುಕೊಂಡು ಅದಕ್ಕೆ ಜಾಗ ಕೊಡಬೇಕು. ಆದರೆ ಆ ಸಾರಿನ ಮಾತು ಉಪಾಯವಲ್ಲ, ನಿಜ. ನಿಜವಾಗಿದ್ದದ್ದರಿಂದಲೇ ನಡೆಯಿತು. ಅಪ್ಪ ಕೇಳಿಸಿಕೊಂಡು ಯಾವ ಮಾತನ್ನೂ ಕೀಳಲಿಲ್ಲ. ಎದುರು ಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿ, ಏನೂ ಅನ್ನದೆ ತನ್ನ ಮನೆಗೆ ಹೋದಳು. ಅವಳು ಸುಮ್ಮನೆ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಹನ್ನೆರಡು ದಿನಕ್ಕೆ ಉತ್ತರ ಬಂತು, ಕಾರ್ಡಿನಲ್ಲಿ, ಕನ್ನಡ ಅಕ್ಷರದಲ್ಲಿ. ಅಕ್ಕನ ಅತ್ತೆ ಯಾರಿಂದಲೋ ಬರೆಸಿದ್ದರು. ನಮ್ಮ ಬೀದಿಯಲ್ಲಿ ಅದನ್ನು ಓದುವವರಿಲ್ಲ. ಅಪ್ಪನೂ ನಾನೂ ಹೆದ್ದಾರಿಯ ಟೀ ಅಂಗಡಿಯಲ್ಲಿ ಕಾದು ನಿಂತು, ಕರ್ನಾಟಕದ ಲಾರಿಯ ಡ್ರೈವರೊಬ್ಬರ ಕೈಗೆ ಕೊಟ್ಟೆವು. ಅವರು ಟೀ ಲೋಟ ಕೆಳಗಿಟ್ಟು ಓದಿದರು. ಮೊದಲು ಸಾರಿನ ವಿಧಾನ. ಜೀರಿಗೆ ಎಷ್ಟು ಕೆಂಪಗಾಗಬೇಕು, ಉಪ್ಪು ಯಾವಾಗ ಹಾಕಬೇಕು, ಎಲ್ಲ. ಕೊನೆಗೆ ಎರಡು ಸಾಲು. 'ಹುಡುಗನ ಕಾಗದವನ್ನು ಸೊಸೆ ಓದಿದಳು, ಎಲ್ಲೂ ನಿಲ್ಲಿಸಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ನಾವಿಬ್ಬರೂ ಬರುತ್ತೇವೆ.' ಡ್ರೈವರು ಅಪ್ಪನ ಮುಖ ನೋಡಿ, ಕೇಳದೆಯೇ ಇನ್ನೊಂದು ಸಲ ಓದಿದರು. ಕನ್ನಡ ಅಕ್ಷರ ಕಲಿಯಬೇಕೆಂದು ನನಗೆ ಅನ್ನಿಸಿದ್ದು ಆ ಟೀ ಅಂಗಡಿಯಲ್ಲಿ. ಕಲಿತದ್ದು ಎಷ್ಟೋ ವರ್ಷದ ನಂತರ, ವ್ಯಾಪಾರಕ್ಕೆ ಆ ಕಡೆ ಓಡಾಡತೊಡಗಿದ ಮೇಲೆ.

ಅವರು ಬಂದರು. ಅಕ್ಕನ ಮಗಳು ನಮ್ಮ ಮನೆಯಲ್ಲೇ ಹುಟ್ಟಿದಳು. ಅತ್ತೆಯವರು ನಾಲ್ಕು ದಿನಕ್ಕೆಂದು ಬಂದು ಮಗುವಿಗೆ ತಿಂಗಳು ತುಂಬುವವರೆಗೆ ಉಳಿದರು. ಮಗುವಿಗೆ ಎಷ್ಟು ಬಿಸಿ ನೀರು ಹುಯ್ಯಬೇಕು ಎಂಬುದರ ಮೇಲೆ ಅವರಿಗೂ ಅಮ್ಮನಿಗೂ ದಿನಾ ಜಗಳ. ಆ ಜಗಳ ಕೇಳುತ್ತಾ ಅಕ್ಕ ಮಂಚದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದಳು.

ಈಗ ನನ್ನ ಮೊಮ್ಮಕ್ಕಳು ತಿರುಪ್ಪೂರಿನಲ್ಲಿ ಐದನೆಯ ಮಹಡಿಯಲ್ಲಿದ್ದಾರೆ. ನಾವು ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದ ಮನೆಮಾತನ್ನು ಅವರು ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಅಕ್ಷರ ಯಾವುದಾದರೂ ಮಾತು ತಲುಪಿದರೆ ಸರಿ. ನಮ್ಮ ಮಾತು ನಾಲ್ಕು ದಿನ ರೈಲಿನಲ್ಲಿ, ಟಪಾಲು ಚೀಲದಲ್ಲಿ ಹೋಗುತ್ತಿತ್ತು. ಅವರದು ಬೆರಳು ಎತ್ತುವುದರೊಳಗೆ ಹೋಗಿರುತ್ತದೆ. ಬೇಡವೆನಿಸಿದರೆ ಅಳಿಸಿಯೂ ಬಿಡುತ್ತಾರೆ. ಆದರೆ ಎದುರಿನವರು ಆಗಲೇ ಓದಿದ್ದರೆ ಅವರ ಎದೆಯೊಳಗಿಂದ ಅಳಿಸುವ ಗುಂಡಿ ಇನ್ನೂ ಬಂದಿಲ್ಲ. ಮೊನ್ನೆ ಮೊಮ್ಮಗಳು ಗೆಳತಿಯೊಡನೆ ಮುನಿಸಿಕೊಂಡು ಉದ್ದನೆಯ ಸಂದೇಶ ಬರೆದು, "ತಾತ, ಚೆನ್ನಾಗಿದೆಯಾ ನೋಡು" ಎಂದು ತಂದಳು. ಚೆನ್ನಾಗಿಯೇ ಇತ್ತು. ಅದೇ ನನಗೆ ಹೆದರಿಕೆ.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪ್ರಬಂಧವಾಗಲಿ, ಕಥೆಯಾಗಲಿ, ಗೆಳತಿಗೆ ಕಳಿಸುವ ನಾಲ್ಕು ಸಾಲಾಗಲಿ, ಬರೆದ ಕೂಡಲೇ ಕಳಿಸಬೇಡಿ. ಮನೆಯಲ್ಲಿ ಒಬ್ಬರ ಕೈಗೆ ಕೊಟ್ಟು ಅವರ ಬಾಯಿಂದ ಓದಿಸಿ. ನೀವು ಎದುರಿಗೆ ಕೂತು ಕೇಳಿ. ನಡುವೆ ಬಾಯಿ ಹಾಕಬೇಡಿ. 'ಅಲ್ಲ, ನಾನು ಹೇಳಿದ್ದು ಏನೆಂದರೆ' ಎಂದು ವಿವರಿಸಲು ಎಲ್ಲಿ ನಾಲಿಗೆ ತುರಿಸುತ್ತದೋ ಅಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆಯಿರಿ. ನೀವು ಬರೆದದ್ದು ಹೋಗುವ ಮನೆಗೆ ವಿವರಿಸಲು ನೀವು ಹೋಗುವುದಿಲ್ಲವಲ್ಲ. ಗೆರೆ ಎಳೆದ ಸಾಲನ್ನಷ್ಟೇ ಮತ್ತೆ ಬರೆಯಿರಿ, ಊಟ ಮಾಡಿ, ಮತ್ತೊಮ್ಮೆ ಓದಿಸಿ, ಆಮೇಲೆ ಕಳಿಸಿ.